ಗೃಹಸ್ಥ ಸಂಶೋಧಕ ಫ. ಗು. ಹಳಕಟ್ಟಿ

ಪ್ರಾಚೀನ ಸಾಹಿತ್ಯದ ರಕ್ಷಣೆಯು ಅರಸರ ಆಶ್ರಯದಿಂದಲೋ ಮಠಗಳ ಔದಾರ್ಯದಿಂದಲೋ ನಡೆಯತಕ್ಕ ಕಾರ್ಯವೆಂಬ ಭಾವನೆ ಸಾಮಾನ್ಯವಾಗಿ ಉಂಟು. ಕನ್ನಡದ ವಚನ ವಾಙ್ಮಯದ ಇತಿಹಾಸವು ಈ ಭಾವನೆಯನ್ನು ತಿದ್ದುತ್ತದೆ. ಅದು ವ್ಯವಸ್ಥಿತವಾಗಿ ಅಚ್ಚಿನ ಬೆಳಕನ್ನು ಕಂಡುದು ಬಹುಮಟ್ಟಿಗೆ ಬಿಜಾಪುರದ ಒಬ್ಬ ವಕೀಲರ ಸಂಸಾರದ ಗಳಿಕೆಯಿಂದ.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು 1880ನೆಯ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಲೇಖಕರು. ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಕಲಿಯುತ್ತಿದ್ದಾಗ ಮರಾಠಿ ಮತ್ತು ಗುಜರಾತಿ ಜನರ ಭಾಷಾಭಿಮಾನವನ್ನು ಕಣ್ಣಾರೆ ಕಂಡ ಅವರಿಗೆ ತಮ್ಮ ನುಡಿಯ ದುಃಸ್ಥಿತಿಯ ಅರಿವು ತೀವ್ರವಾಗಿ ಆಯಿತು. ಪರನಾಡಿನ ವಾಸವು ಸ್ವಭಾಷೆಯನ್ನು ಮರೆಯಿಸುವಂತೆ ನೆನಪಿಸಲೂ ಬಲ್ಲುದು ಎಂಬುದಕ್ಕೆ ಇದೊಂದು ನಿದರ್ಶನ. ನ್ಯಾಯಶಾಸ್ತ್ರದ ಪದವಿ ಪಡೆದ ಬಳಿಕ ಅವರು ಬಿಜಾಪುರದಲ್ಲಿ ನೆಲೆಸಿ ವಕೀಲಿಯಲ್ಲಿ ಹೆಸರು ಗಳಿಸಿದರು.

ಆ ಕಾಲದಲ್ಲಿ ತಾಡವೋಲೆಯ ಕಟ್ಟುಗಳು ಅನೇಕ ಮನೆಗಳ ಜಗಲಿಯ ಮೇಲಿದ್ದವು. ಜನರು ಅವುಗಳಿಗೆ ವಿಭೂತಿ ಹಚ್ಚಿ ಪೂಜಿಸುತ್ತಿದ್ದರೇ ಹೊರತು ಬಿಚ್ಚಿ ಓದುವವರು ವಿರಳ. ಹೀಗೆ ಭಕ್ತಿಯೇ ಕಾಯ್ದಿರಿಸಿದ ಗ್ರಂಥವನ್ನು ಹುಳು ತಿನ್ನುತ್ತಿತ್ತು. ಹಳಕಟ್ಟಿಯವರು ಇಂತಹ ಪ್ರತಿಗಳನ್ನು ಊರೂರುಗಳಿಂದ ಕೂಡಿಹಾಕಿದರು. ಅಂಕಿತಗಳ ಆಧಾರದಿಂದ ಕರ್ತೃಗಳನ್ನು ಗುರುತಿಸಿದರು. ವಿಷಯಾನುಸಾರವಾಗಿ ವಚನಗಳನ್ನು ವಿಂಗಡಿಸಿದರು. ಮೊದಲು ಸುಮಾರು 50 ವಚನಕಾರರ ಹೆಸರಷ್ಟೇ ವಿದ್ವಾಂಸರಿಗೆ ತಿಳಿದಿತ್ತು. ಅವರ ಶೋಧದಿಂದ ಆ ಸಂಖ್ಯೆ 200ನ್ನು ಮೀರಿತು.

1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗ ಪ್ರಕಟವಾಯಿತು. ಪರರ ಮುದ್ರಣಾಲಯವನ್ನು ನೆಚ್ಚಿ ಇಷ್ಟು ದೊಡ್ಡ ಕಾರ್ಯವು ಸಾಗದೆಂದು ಕಂಡು, ಅವರು ಸ್ವಂತ ಮನೆಯನ್ನು ಮಾರಿ 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. ತಾವು ಬಾಡಿಗೆಯ ಮನೆಯಲ್ಲಿ ವಾಸಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ, 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆ ಹೊರಬಂದವು. ಹರಿಹರನ ರಗಳೆಗಳೂ ಶೂನ್ಯಸಂಪಾದನೆಯೂ ಅವರ ಸಂಪಾದನೆಯಲ್ಲಿ ಬೆಳಕು ಕಂಡವು.

ಹಳಕಟ್ಟಿಯವರು ಸಂಸಾರವನ್ನು ತೊರೆದ ವಿರಕ್ತರಲ್ಲ. ಗೃಹಸ್ಥರಾಗಿದ್ದೇ, ಬಿಜಾಪುರದ ವಿದ್ಯಾಸಂಸ್ಥೆ ಹಾಗೂ ಸಿದ್ಧೇಶ್ವರ ಬ್ಯಾಂಕುಗಳ ಸ್ಥಾಪನೆಯಲ್ಲಿ ದುಡಿಯುತ್ತಲೇ, ಅವರು ಈ ಕಾಯಕವನ್ನು ನಡೆಸಿದರು. ಸಂಸಾರದಲ್ಲಿದ್ದೇ ಸಾಧನೆ ಸಾಧ್ಯವೆಂದ ಶರಣರ ಮಾತಿಗೆ ಇದು ಒಪ್ಪುವ ಬಾಳು. ಆದರೆ ಇಂತಹ ತ್ಯಾಗವು ಒಬ್ಬನದೇ ಆಗಿರುವುದಿಲ್ಲ. ಮನೆ ಮಾರಾಟವಾದಾಗ ನೆಲೆ ತಪ್ಪುವುದು ಇಡೀ ಕುಟುಂಬಕ್ಕೆ. ಮುಖಪುಟದ ಮೇಲೆ ಸಂಪಾದಕರ ಹೆಸರೊಂದೇ ಇದ್ದರೂ, ಗ್ರಂಥದ ಬೆಲೆಯನ್ನು ಮನೆಮಂದಿಯೆಲ್ಲರೂ ತೆತ್ತಿದ್ದರು.

ಅವರ ಪಾಠಗಳು ಅಂತಿಮವೆಂದು ಹೇಳಲಾಗದು. ಹೆಚ್ಚಿನ ಪ್ರತಿಗಳು ದೊರೆತಂತೆ ಮುಂದಿನ ವಿದ್ವಾಂಸರು ಅನೇಕ ಕಡೆ ತಿದ್ದಿದರು. 1993ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ಆದರೆ ತಿದ್ದುವುದಕ್ಕೆ ಮೊದಲು ಗ್ರಂಥವು ಉಳಿದಿರಬೇಕು. ಉಳಿಸಿದ ಶ್ರೇಯಸ್ಸಿನಲ್ಲಿ ಹಿರಿಯ ಪಾಲು ಹಳಕಟ್ಟಿಯವರದು.

1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪದವಿ, 1956ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟ್ ಅವರಿಗೆ ಸಂದವು. ‘ವಚನ ಪಿತಾಮಹ’ರೆಂದು ನಾಡು ಅವರನ್ನು ಕರೆಯಿತು. 1964ನೆಯ ಜೂನ್ 29ರಂದು ಅವರು ದಿವಂಗತರಾದರು. ಹಳೆಯ ಕಟ್ಟೊಂದು ಇಂದಿಗೂ ಯಾವುದೋ ಮನೆಯ ಪೆಟ್ಟಿಗೆಯಲ್ಲಿ ಇದ್ದೀತು. ಅದನ್ನು ಪೂಜಿಸಿದರಷ್ಟೇ ಸಾಲದು, ಬಿಚ್ಚಿ ಓದಬೇಕೆಂಬುದು ಆ ಬಾಳಿನ ಉಪದೇಶ.