ಲೀಟರಿಗೆ ಎಷ್ಟು ಕಿಲೋಮೀಟರ್? ಮೈಲೇಜ್ ಕುಸಿತದ ಹಿಂದಿನ ಇತಿಹಾಸ

ನೀವು ಹುನಗುಂದದಲ್ಲಿದ್ದೀರಿ, ವಾರಕ್ಕೆರಡು ಸಲ ಪೆಟ್ರೋಲ್ ಕಾರಿನಲ್ಲಿ ಬಾಗಲಕೋಟೆಗೆ ಹೋಗಿಬರುತ್ತೀರಿ ಎಂದುಕೊಳ್ಳಿ. ಲೀಟರಿಗೆ 18 ಕಿ.ಮೀ. ಕೊಡುತ್ತಿದ್ದ ಕಾರು ಈಗ 15 ಕಿ.ಮೀ.ಗೆ ಇಳಿದಿದೆ. ಮೆಕ್ಯಾನಿಕ್ ಧೂಳು ಹಿಡಿದ ಏರ್ ಫಿಲ್ಟರನ್ನು ತೋರಿಸುತ್ತಾನೆ. ನೆರೆಯವರು ಪೆಟ್ರೋಲಿಗೆ ಬೆರೆಸಿದ ಎಥೆನಾಲನ್ನು ದೂರುತ್ತಾರೆ. ಯಾರ ಮಾತು ಸರಿ? ಇಬ್ಬರ ಮಾತಿನ ಹಿಂದೆಯೂ ಒಂದೊಂದು ಇತಿಹಾಸವಿದೆ. ಅದನ್ನು ತಿಳಿದರೆ ತಪ್ಪು ಎಷ್ಟು, ಎಲ್ಲಿ ಎಂಬುದನ್ನು ನೀವೇ ಲೆಕ್ಕ ಹಾಕಬಹುದು.

ಗಾಳಿ ಮತ್ತು ಇಂಧನ

ಒಂದು ಗ್ರಾಂ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಈ ಪ್ರಮಾಣದಲ್ಲಿ ಎರಡನ್ನೂ ಬೆರೆಸುವ ಕೆಲಸವನ್ನು ಹಿಂದೆ ಕಾರ್ಬ್ಯುರೇಟರ್ ಮಾಡುತ್ತಿತ್ತು. ಇಂಧನವನ್ನು ತುಂತುರಾಗಿ ಚಿಮ್ಮಿಸುವ ಕಾರ್ಬ್ಯುರೇಟರನ್ನು ಜರ್ಮನಿಯ ವಿಲ್ಹೆಲ್ಮ್ ಮೇಬಾಕ್ 1893ರಲ್ಲಿ ರೂಪಿಸಿದರು. ಫಿಲ್ಟರ್ ಕಟ್ಟಿಕೊಂಡು ಗಾಳಿ ಕಡಿಮೆಯಾದರೆ ಇದು ಪೆಟ್ರೋಲನ್ನು ಅದಕ್ಕೆ ತಕ್ಕಂತೆ ತಗ್ಗಿಸುತ್ತಿರಲಿಲ್ಲ. ಮಿಶ್ರಣ ಗಟ್ಟಿಯಾಗಿ ಕಪ್ಪು ಹೊಗೆ ಬರುತ್ತಿತ್ತು, ಮೈಲೇಜ್ ಇಳಿಯುತ್ತಿತ್ತು. ಆದ್ದರಿಂದ ಮೆಕ್ಯಾನಿಕ್‌ನ ಮಾತು ಆ ಕಾಲಕ್ಕೆ ನಿಜವೇ ಆಗಿತ್ತು.

1976ರಲ್ಲಿ ವೋಲ್ವೋ ಕಾರುಗಳಲ್ಲಿ ಬಾಷ್ ಕಂಪನಿಯ ಆಕ್ಸಿಜನ್ ಸಂವೇದಕ ಬಂದಿತು. ಇದರ ಜೀವಾಳ ಜಿರ್ಕೋನಿಯ ಎಂಬ ಪಿಂಗಾಣಿಯಂಥ ವಸ್ತು. ಕಾದಾಗ, ಹೊರಗಿನ ಗಾಳಿಗೂ ಹೊಗೆಗೂ ಇರುವ ಆಕ್ಸಿಜನ್ ವ್ಯತ್ಯಾಸಕ್ಕೆ ತಕ್ಕಂತೆ ಅದರಲ್ಲಿ ವಿದ್ಯುತ್ ವಿಭವ ಹುಟ್ಟುತ್ತದೆ. ಅದನ್ನು ನೋಡಿ ಗಣಕವು ಇಂಧನವನ್ನು ಹೆಚ್ಚು ಕಡಿಮೆ ಮಾಡುತ್ತದೆ. ನಮ್ಮ ದೇಶದಲ್ಲಿ 2000ದ ನಂತರ ಹೊಗೆಯ ನಿಯಮಗಳು ಬಿಗಿಯಾದಂತೆ ಕಾರುಗಳಿಂದ ಕಾರ್ಬ್ಯುರೇಟರ್ ಮರೆಯಾಗಿ ಇಂಧನ ಇಂಜೆಕ್ಷನ್ ಬಂದಿತು. ಇಂತಹ ಕಾರಿನಲ್ಲಿ ಫಿಲ್ಟರ್ ಕಟ್ಟಿಕೊಂಡರೆ ವೇಗ ಏರುವುದು ನಿಧಾನವಾಗುತ್ತದೆ, ಮೈಲೇಜ್ ಹೆಚ್ಚೇನೂ ಇಳಿಯುವುದಿಲ್ಲ. ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪರೀಕ್ಷಿಸಿ ಕಂಡದ್ದು ಇದನ್ನೇ. ಇಳಕಲ್ಲಿನ ಕಲ್ಲುಗಣಿಗಳ ಧೂಳಿನಲ್ಲಿ ಓಡಾಡುವವರು ಫಿಲ್ಟರ್ ಬದಲಿಸಲೇಬೇಕು. ಆದರೆ ಅದು ಎಂಜಿನ್ನಿನ ಆಯುಷ್ಯಕ್ಕಾಗಿ.

ಮಂಡ್ಯದಿಂದ ಬೆಂಗಳೂರಿಗೆ

ಇನ್ನು ನೆರೆಯವರ ಮಾತು. ಪೆಟ್ರೋಲಿಗೆ ಆಲ್ಕೋಹಾಲ್ ಬೆರೆಸುವುದು ಹೊಸದೇನಲ್ಲ. 1933ರಲ್ಲಿ ಸ್ಥಾಪನೆಯಾದ ಮಂಡ್ಯದ ಮೈಸೂರು ಸಕ್ಕರೆ ಕಂಪನಿಯಲ್ಲಿ, ಎರಡನೇ ಮಹಾಯುದ್ಧದ ಕಾಲಕ್ಕೆ ಕಾಕಂಬಿಯಿಂದ ‘ಪವರ್ ಆಲ್ಕೋಹಾಲ್’ ತಯಾರಾಗುತ್ತಿತ್ತು. ಪೆಟ್ರೋಲಿಗೆ ಪಡಿತರ ಬಂದಿದ್ದ ದಿನಗಳವು. ಬಸ್ಸುಗಳು ಬೆನ್ನಿಗೆ ಇದ್ದಿಲಿನ ಅನಿಲದ ಒಲೆ ಕಟ್ಟಿಕೊಂಡು ಓಡುತ್ತಿದ್ದವು. 1948ರಲ್ಲಿ ಕೇಂದ್ರ ಸರ್ಕಾರ ಪವರ್ ಆಲ್ಕೋಹಾಲ್ ಕಾಯಿದೆಯನ್ನೇ ತಂದಿತು. ಕಾಯಿದೆ 2000ದಲ್ಲಿ ರದ್ದಾಯಿತು. ಆದರೆ ಮರುವರ್ಷವೇ ಮಿಶ್ರಣದ ಪ್ರಯೋಗಗಳು ಮತ್ತೆ ಆರಂಭವಾದವು. 2003ರಲ್ಲಿ ಕರ್ನಾಟಕವೂ ಸೇರಿದಂತೆ ಒಂಬತ್ತು ರಾಜ್ಯಗಳಲ್ಲಿ ಶೇ. 5 ಎಥೆನಾಲ್ ಬೆರೆಸುವ ಕಾರ್ಯಕ್ರಮ ಬಂದಿತು. ದೇಶದ ಸರಾಸರಿ 2022ರಲ್ಲಿ ಶೇ. 10 ಮುಟ್ಟಿತು. ಶೇ. 20 ಮಿಶ್ರಣದ ಪೆಟ್ರೋಲ್ 2023ರ ಫೆಬ್ರವರಿ 6ರಂದು ಬಿಡುಗಡೆಯಾದದ್ದು ನಮ್ಮ ಬೆಂಗಳೂರಿನಲ್ಲೇ. 2025ರ ವೇಳೆಗೆ ಅದು ದೇಶದ ಬಹುತೇಕ ಪಂಪುಗಳಿಗೆ ತಲುಪಿತು. ಮುಧೋಳ, ಜಮಖಂಡಿ ಸೀಮೆಯ ಕಬ್ಬು ಸಕ್ಕರೆಯಷ್ಟೇ ಆಗಿ ಉಳಿಯಲಿಲ್ಲ, ಹುನಗುಂದದ ಕಾರಿಗೂ ಇಂಧನವಾಯಿತು.

ಲೆಕ್ಕ ಹಾಕಿ ನೋಡಿ

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 32 ಮೆಗಾಜೂಲ್ ಶಕ್ತಿ ಸಿಗುತ್ತದೆ. ಎಥೆನಾಲಿನಿಂದ ಸಿಗುವುದು ಸುಮಾರು 21. ಏಕೆಂದರೆ ಎಥೆನಾಲಿನ ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಆಕ್ಸಿಜನ್ನೇ ಇದೆ. ಅದು ಉರಿಯುವ ಭಾಗವಲ್ಲ. ಶೇ. 10 ಮಿಶ್ರಣದ ಲೀಟರಿನಲ್ಲಿ 30.9, ಶೇ. 20 ಮಿಶ್ರಣದಲ್ಲಿ 29.8 ಮೆಗಾಜೂಲ್ ಇರುತ್ತದೆ. ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಕೊರತೆ ಸುಮಾರು ಶೇ. 7, ಶೇ. 10 ಮಿಶ್ರಣಕ್ಕೆ ಹೋಲಿಸಿದರೆ ಸುಮಾರು ಶೇ. 3.5. ಎಥೆನಾಲ್ ತಂದ ಹೆಚ್ಚುವರಿ ಆಕ್ಸಿಜನ್ನನ್ನು ಸಂವೇದಕ ಗುರುತಿಸುತ್ತದೆ, ಗಣಕ ಇನ್ನಷ್ಟು ಇಂಧನ ಚಿಮ್ಮಿಸುತ್ತದೆ. ಹೀಗೆ ಟ್ಯಾಂಕ್ ಬೇಗ ಬರಿದಾಗುತ್ತದೆ.

ನೀತಿ ಆಯೋಗದ 2021ರ ವರದಿಯೂ ಎಥೆನಾಲ್ ಇಲ್ಲದ ಪೆಟ್ರೋಲಿಗೆಂದು ರೂಪಿಸಿ ಶೇ. 10ಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇ. 6ರಿಂದ 7ರಷ್ಟು, ಶೇ. 10ಕ್ಕೆ ರೂಪಿಸಿ ಶೇ. 20ಕ್ಕೆ ಹೊಂದಿಸಿದವುಗಳಲ್ಲಿ ಶೇ. 1ರಿಂದ 2ರಷ್ಟು ಇಳಿಕೆಯಾಗಬಹುದೆಂದು ಅಂದಾಜಿಸಿತ್ತು. ಎಥೆನಾಲಿನ ಆಕ್ಟೇನ್ ಸಂಖ್ಯೆ ಹೆಚ್ಚು. ಅದರ ಲಾಭ ಪಡೆಯುವಂತೆ ಎಂಜಿನ್ನಿನ ಸಂಪೀಡನವನ್ನು ಏರಿಸಿದರೆ ನಷ್ಟದ ಒಂದು ಪಾಲು ಮರಳಿ ಸಿಗುತ್ತದೆ.

ಈಗ ನಿಮ್ಮ ಕಾರಿಗೆ ಬನ್ನಿ. 18ರಿಂದ 15ಕ್ಕೆ ಎಂದರೆ ಸುಮಾರು ಶೇ. 17ರ ಕುಸಿತ. ಶೇ. 10ರಿಂದ ಶೇ. 20ರ ಮಿಶ್ರಣಕ್ಕೆ ಬಂದದ್ದರಿಂದ 18 ಇಳಿದರೂ 17.4ಕ್ಕೆ ನಿಲ್ಲಬೇಕಿತ್ತು. ಉಳಿದ 2.4 ಕಿ.ಮೀ. ಎಥೆನಾಲಿನ ತಪ್ಪಲ್ಲ! ಆ ಪಾಲನ್ನು ಕಾರಿನಲ್ಲೇ ಹುಡುಕಬೇಕು. ಚಕ್ರಗಳ ಗಾಳಿಯೊತ್ತಡ ಒಂದು ಪಿ.ಎಸ್.ಐ. ಇಳಿದರೆ ಮೈಲೇಜ್ ಸುಮಾರು ಶೇ. 0.2 ಕಡಿಮೆಯಾಗುತ್ತದೆ. ಹಿಡಿದುಕೊಂಡ ಬ್ರೇಕ್ ಸದಾ ಶಕ್ತಿ ನುಂಗುತ್ತಿರುತ್ತದೆ. ಓಡಿಸಿದ ಮೇಲೆ ಯಾವ ಚಕ್ರ ಹೆಚ್ಚು ಬಿಸಿಯಾಗಿದೆ ಎಂದು ನೋಡಿದರೆ ಅದು ತಿಳಿಯುತ್ತದೆ. ಕೆಟ್ಟ ಆಕ್ಸಿಜನ್ ಸಂವೇದಕ ಇವೆಲ್ಲಕ್ಕಿಂತ ದೊಡ್ಡ ನಷ್ಟ ಮಾಡಬಲ್ಲುದು. ಬೇಸಿಗೆಯಾದರೆ ಎ.ಸಿ.ಯ ಪಾಲನ್ನೂ ಮರೆಯಬೇಡಿ.

ಅಧ್ಯಾಪಕರು ಇದನ್ನು ತರಗತಿಯ ಪ್ರಯೋಗವಾಗಿಸಬಹುದು. ಟ್ಯಾಂಕನ್ನು ಪೂರ್ತಿ ತುಂಬಿಸಿ ಮೀಟರ್ ಬರೆದುಕೊಳ್ಳಿ. ಕೆಲವು ನೂರು ಕಿ.ಮೀ. ಓಡಿದ ಮೇಲೆ ಅದೇ ಪಂಪಿನಲ್ಲಿ ಮತ್ತೆ ಪೂರ್ತಿ ತುಂಬಿಸಿ, ಓಡಿದ ದೂರವನ್ನು ಹಿಡಿಸಿದ ಲೀಟರಿನಿಂದ ಭಾಗಿಸಿ. ಮೂರು ಬಾರಿ ಮಾಡಿ ಸರಾಸರಿ ತೆಗೆಯಿರಿ. ಆಮೇಲೆ ಒಂದು ಸಲಕ್ಕೆ ಒಂದನ್ನೇ ಸರಿಪಡಿಸಿ, ಮತ್ತೆ ಅಳೆಯಿರಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಗುಣ ಯಾವುದರಿಂದ ಬಂದಿತೆಂದು ತಿಳಿಯುವುದಿಲ್ಲ. ಮೆಕ್ಯಾನಿಕ್, ನೆರೆಯವರು ಇಬ್ಬರ ಮಾತನ್ನೂ ಕೇಳಿ. ತೀರ್ಪನ್ನು ಮಾತ್ರ ನಿಮ್ಮ ಪುಸ್ತಕದಲ್ಲಿ ಬರೆದಿಟ್ಟ ಅಂಕಿಗಳು ಹೇಳಲಿ.