ಹಾಜರಿ ಕೂಗುವವರು

2001ರ ಜನವರಿ 26ರ ಬೆಳಗ್ಗೆ 8.46ಕ್ಕೆ ಕಛ್‌ನ ಭಚಾವ್ ಬಳಿ ಭೂಮಿ ನಡುಗಿತು. ಇನ್ನೂರು ಕಿಲೋಮೀಟರಿಗೂ ಆಚೆ, ಅಹಮದಾಬಾದಿನ ಮಣಿನಗರದಲ್ಲಿ ಒಂದು ಶಾಲೆಯ ಕಟ್ಟಡ ಕುಸಿದು ಮೂವತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳು ಸತ್ತರು. ಕಛ್‌ನ ಅಂಜಾರ್‌ನಲ್ಲಿ ಗಣರಾಜ್ಯೋತ್ಸವದ ಮೆರವಣಿಗೆ ಕಿರಿದಾದ ಓಣಿಯಲ್ಲಿ ಸಾಗುತ್ತಿತ್ತು. ಎರಡೂ ಬದಿಯ ಮನೆಗಳು ಉರುಳಿ 185 ಮಕ್ಕಳು, 20 ಶಿಕ್ಷಕರು ಅಡಿಯಲ್ಲಿ ಸಿಕ್ಕಿ ಹೋದರು.

ಉಳಿದ ಶಿಕ್ಷಕರು? ಶಾಲೆ ಮತ್ತೆ ತೆರೆದ ದಿನ ಹಾಜರಿ ಪುಸ್ತಕ ಬಿಡಿಸಬೇಕಾದವರು ಅವರೇ. ಯಾವ ಹೆಸರು ಕೂಗಬೇಕು, ಯಾವುದನ್ನು ದಾಟಿ ಮುಂದಿನದಕ್ಕೆ ಹೋಗಬೇಕು ಎಂಬುದನ್ನು ಯಾವ ಸುತ್ತೋಲೆಯೂ ಹೇಳಿಕೊಡುವುದಿಲ್ಲ.

ಇನ್ನೊಂದು ಎಣಿಕೆಯೂ ಕಾದಿತ್ತು. ಆ ವರ್ಷದ ಜನಗಣತಿ ಫೆಬ್ರವರಿ 9ರಿಂದ 28ರವರೆಗೆ ಎಂದು ಮೊದಲೇ ಗೊತ್ತಾಗಿತ್ತು. ಕಛ್ ಜಿಲ್ಲೆಯಲ್ಲೂ ರಾಜಕೋಟ್, ಜಾಮ್‌ನಗರಗಳ ಕೆಲವು ತಾಲೂಕುಗಳಲ್ಲೂ ಅದು ಆಗ ನಡೆಯಲಿಲ್ಲ. ಮೊದಲ ವರದಿಯಲ್ಲಿ ಅಲ್ಲಿಗೆ ಅಂದಾಜಿನ ಅಂಕಿಯನ್ನೇ ಹಾಕಬೇಕಾಯಿತು. ಅಹಮದಾಬಾದಿನಲ್ಲಿ ನಿಲ್ಲಲಿಲ್ಲ. ನಮ್ಮಲ್ಲಿ ಗಣತಿದಾರರೆಂದರೆ ಬಹುಪಾಲು ಶಾಲಾ ಶಿಕ್ಷಕರೇ. ಭೂಕಂಪವಾಗಿ ಎರಡು ವಾರಕ್ಕೆ ಬಾಗಿಲು ತಟ್ಟಿ, "ಮನೆಯಲ್ಲಿ ಎಷ್ಟು ಜನ?" ಎಂದು ಕೇಳುವುದು ಸರಕಾರಿ ಕೆಲಸ. ಕೈಗೆ ಕೆಲಸವಿದ್ದರೆ ದುಃಖ ಮರೆಯುತ್ತದೆ ಎನ್ನುವವರಿದ್ದಾರೆ, ಪೂರ್ತಿ ಸುಳ್ಳಲ್ಲ. ಆದರೆ ಆ ಪ್ರಶ್ನೆಗೆ ಬರುವ ಉತ್ತರವನ್ನು ಕೇಳಿಸಿಕೊಂಡವರು ಅದನ್ನು ಎಲ್ಲಿ ಇಳಿಸಬೇಕು?

ಇಂಥ ನೋವಿಗೆ ಕಿವಿಗೊಡುವ ವಿದ್ಯೆಯನ್ನು ದೇಶಕ್ಕೆ ಕಲಿಸಿದವರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮುಂದಿನದು. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಮಂದಿ ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಅವರ ಮನೆಯವರ ದುಃಖವನ್ನು ಅಲ್ಲಿನ ವೈದ್ಯರು ಅಭ್ಯಾಸ ಮಾಡಿದರು. 1984ರ ಭೋಪಾಲದ ನಂತರ ಡಾ. ಆರ್. ಶ್ರೀನಿವಾಸ ಮೂರ್ತಿ ಮತ್ತು ಸಂಗಡಿಗರು ಸಾಮಾನ್ಯ ವೈದ್ಯರಿಗೆ ಮಾನಸಿಕ ಆರೈಕೆಯ ತರಬೇತಿ ಕೊಟ್ಟರು. 1999ರ ಒಡಿಶಾ ಚಂಡಮಾರುತ, ಗುಜರಾತಿನ ಭೂಕಂಪಗಳ ಹೊತ್ತಿಗೆ ಆ ತರಬೇತಿ ಊರಿನ ಕಾರ್ಯಕರ್ತರವರೆಗೆ ಇಳಿದಿತ್ತು. ಮನೋವೈದ್ಯರು ಬೆರಳೆಣಿಕೆಯಷ್ಟಿರುವ ದೇಶದಲ್ಲಿ ಬೇರೆ ದಾರಿ ಇರಲಿಲ್ಲ. ಅದು ಸರಿಯಾದ ದಾರಿಯೇ. ತೊಡಕು ಒಂದೇ: ಇಂಥ ಯೋಜನೆಗಳಲ್ಲಿ ಶಿಕ್ಷಕರ ಹೆಸರು ಬರುವುದು ನೆರವು ಕೊಡುವವರ ಪಟ್ಟಿಯಲ್ಲಿ. ಮಗು ಚಿತ್ರ ಬರೆಯಲಿ, ಆಟವಾಡಲಿ, ಅಳಲಿ, ಮೇಷ್ಟ್ರು ಪಕ್ಕದಲ್ಲಿರಲಿ. ಮೇಷ್ಟ್ರಿಗೂ ಅಳು ಬಂದರೆ ಏನು ಮಾಡಬೇಕೆಂದು ಕೇಳುವವರು ಕಡಿಮೆ.

ಜಪಾನಿನ ಒಕಾವಾ ಪ್ರಾಥಮಿಕ ಶಾಲೆಯಲ್ಲಿ 2011ರ ಮಾರ್ಚ್ 11ರ ಸುನಾಮಿಗೆ 74 ಮಕ್ಕಳು, 10 ಶಿಕ್ಷಕರು ಬಲಿಯಾದರು. ಆ ಹೊತ್ತಿಗೆ ಶಾಲೆಯಲ್ಲಿದ್ದ ಹನ್ನೊಂದು ಶಿಕ್ಷಕರಲ್ಲಿ ಉಳಿದದ್ದು ಒಬ್ಬರು. ಮರುತಿಂಗಳು ಅವರು ಪೋಷಕರ ಎದುರು ಒಮ್ಮೆ ನಿಂತು ಮಾತಾಡಿದರು. ಆಮೇಲೆ ಮಾನಸಿಕ ಅಸ್ವಸ್ಥತೆಯ ರಜೆ.

ಅಂಜಾರ್‌ನಲ್ಲಿ ಆ ಮಕ್ಕಳ ಮತ್ತು ಶಿಕ್ಷಕರ ಸ್ಮಾರಕ ಉದ್ಘಾಟನೆಯಾದದ್ದು 2022ರ ಆಗಸ್ಟ್ 28ರಂದು. ಅಂದು ಮೂವತ್ತೇಳರ ವಯಸ್ಸಿನಲ್ಲಿ ಓಣಿಯಿಂದ ಹೊರಬಂದ ಶಿಕ್ಷಕರಿಗೆ ಅಷ್ಟರಲ್ಲಿ ನಿವೃತ್ತಿಯಾಗಿರುತ್ತದೆ.