ಪದ ಎಣಿಸುವ ಪ್ರೋಗ್ರಾಂ ನಡೆದುಬಂದ ದಾರಿ

ಪಠ್ಯದಲ್ಲಿರುವ ಪದಗಳನ್ನು ಕಂಪ್ಯೂಟರಿನಿಂದ ಎಣಿಸುವ ಸರಳ ಕ್ರಮವನ್ನು ಎಲ್ಲೆಡೆ ಬಳಕೆಗೆ ತಂದ ಕೀರ್ತಿ ಬಹುಮಟ್ಟಿಗೆ ಅಮೆರಿಕದ ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯಕ್ಕೆ ಸಲ್ಲುತ್ತದೆ. ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಅಲ್ಲಿ ರೂಪಿಸಿದ ಯೂನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಮೊದಮೊದಲು ಬಳಸಿದವರಲ್ಲಿ ಪೇಟೆಂಟ್ ವಿಭಾಗದ ಬೆರಳಚ್ಚುಗಾರರೂ ಇದ್ದುದರಿಂದ, ಪಠ್ಯವನ್ನು ಸಿದ್ಧಪಡಿಸುವ ಸಾಧನಗಳಿಗೆ ಆರಂಭದಿಂದಲೇ ಮಹತ್ವ ದೊರೆಯಿತು. 1971ರ ನವೆಂಬರ್ 3ರ ದಿನಾಂಕವುಳ್ಳ ಮೊದಲ ಕೈಪಿಡಿಯಲ್ಲೇ ‘ಡಬ್ಲ್ಯುಸಿ’ ಎಂಬ ಆದೇಶವಿದ್ದು, ಖಾಲಿ ಜಾಗ, ಟ್ಯಾಬ್ ಅಥವಾ ಸಾಲಿನ ತುದಿಗಳ ನಡುವೆ ಬರುವ ಅಕ್ಷರಸಮೂಹವನ್ನೇ ಅದು ಪದವೆಂದು ಎಣಿಸುತ್ತಿತ್ತು.

ಈ ಕ್ರಮದ ತರ್ಕವನ್ನು ಹಲವು ತಲೆಮಾರಿನ ವಿದ್ಯಾರ್ಥಿಗಳಿಗೆ ಕಲಿಸಿದ್ದು ಬ್ರಯನ್ ಕರ್ನಿಹನ್ ಮತ್ತು ರಿಚಿ 1978ರಲ್ಲಿ ಪ್ರಕಟಿಸಿದ ಸಿ ಭಾಷೆಯ ಪುಸ್ತಕ. ಸ್ಟ್ರಿಂಗ್‌ನಲ್ಲಿ, ಅಂದರೆ ಒಂದರ ಹಿಂದೊಂದು ಬರುವ ಅಕ್ಷರಗಳ ಸರಣಿಯಲ್ಲಿ, ಖಾಲಿ ಜಾಗಗಳನ್ನಷ್ಟೇ ಎಣಿಸಿದರೆ ಎರಡು ಬಿಡುವುಗಳು ಒಟ್ಟಿಗೆ ಬಂದ ಕಡೆಯೆಲ್ಲ ಲೆಕ್ಕ ತಪ್ಪುತ್ತದೆ. ಆದ್ದರಿಂದ ಅಲ್ಲಿನ ಮಾದರಿ ಪ್ರೋಗ್ರಾಂ ಒಂದೊಂದೇ ಅಕ್ಷರವನ್ನು ಓದುತ್ತ, ಸದ್ಯ ಪದದ ಒಳಗಿದೆಯೋ ಹೊರಗಿದೆಯೋ ಎಂಬುದನ್ನು ಚರಾಂಶವೊಂದರಲ್ಲಿ, ಎಂದರೆ ಬೆಲೆ ಬದಲಾಗಬಲ್ಲ ಸ್ಮೃತಿಸ್ಥಾನದಲ್ಲಿ, ಗುರುತಿಟ್ಟುಕೊಂಡು, ಹೊರಗಿನಿಂದ ಒಳಕ್ಕೆ ಬಂದಾಗ ಮಾತ್ರ ಎಣಿಕೆಗೆ 1 ಸೇರಿಸುತ್ತದೆ. ಮುಂದೆ 1986ರಲ್ಲಿ, ಪಠ್ಯವೊಂದರಲ್ಲಿ ಅತಿ ಹೆಚ್ಚು ಬಾರಿ ಬರುವ ಪದಗಳನ್ನು ಪಟ್ಟಿಮಾಡಲು ಡೊನಾಲ್ಡ್ ಕನೂತ್ ಬರೆದ ದೀರ್ಘ ಪ್ರೋಗ್ರಾಮನ್ನು ವಿಮರ್ಶಿಸಿದ ಡಗ್ಲಾಸ್ ಮೆಕಿಲ್ರಾಯ್, ಒಂದು ಆದೇಶದ ಫಲಿತವನ್ನು ಮುಂದಿನದಕ್ಕೆ ಹರಿಸುವ ‘ಪೈಪ್’ ವಿಧಾನದಿಂದ ಆರೇ ಆದೇಶಗಳಲ್ಲಿ ಅದೇ ಕೆಲಸವನ್ನು ಮಾಡಿ ತೋರಿಸಿದರು.

ಥಾಂಪ್ಸನ್ ಅವರೇ ರಾಬ್ ಪೈಕ್ ಜೊತೆಗೂಡಿ 1992ರಲ್ಲಿ ರೂಪಿಸಿದ ಯುಟಿಎಫ್-8 ಎಂಬ, ಅಕ್ಷರಗಳನ್ನು ಬೈಟ್‌ಗಳಾಗಿ ದಾಖಲಿಸುವ ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಯೂನಿಕೋಡ್ ಸಂಕೇತಕ್ಕೂ 3 ಬೈಟ್‌ಗಳು ಬೇಕಾದರೂ, ಅವುಗಳಲ್ಲಿ ಯಾವುದೂ ಖಾಲಿ ಜಾಗದ ಬೈಟ್ ಆಗಿರುವುದಿಲ್ಲವಾದ ಕಾರಣ, ಹಳೆಯ ತರ್ಕ ಕನ್ನಡ ಪಠ್ಯದ ಮೇಲೂ ನಡೆಯುತ್ತದೆ. ಆದರೆ ಅದು ಎಣಿಸುವುದು ಬರವಣಿಗೆಯ ಬಿಡುವುಗಳ ನಡುವಣ ತುಣುಕುಗಳನ್ನೇ ಹೊರತು ವ್ಯಾಕರಣ ಹೇಳುವ ಪದಗಳನ್ನಲ್ಲ. ‘ಬಂದಿದ್ದೇನೆಂದು’ ಎಂದು ಸಂಧಿ ಮಾಡಿ ಬರೆದರೆ ಲೆಕ್ಕ ಒಂದು, ‘ಬಂದಿದ್ದೇನೆ ಎಂದು’ ಎಂದು ಬಿಡಿಸಿ ಬರೆದರೆ ಎರಡು; ಪದಗಳ ನಡುವೆ ಬಿಡುವಿಲ್ಲದೆ ಕೆತ್ತಿದ ಹಳಗನ್ನಡ ಶಾಸನದ ಸಾಲನ್ನು ಇದ್ದಂತೆಯೇ ಕೊಟ್ಟರೆ ಇಡೀ ಸಾಲು ಒಂದೇ ಪದವಾಗಿ ಎಣಿಕೆಗೆ ಸಿಗುತ್ತದೆ. ಆದಕಾರಣ ಕನ್ನಡ ಕೃತಿಗಳ ಪದಸಂಖ್ಯೆಯನ್ನು ಹೋಲಿಸುವ ಅಧ್ಯಯನಗಳು ಪದದ ಗಡಿಯನ್ನು ಯಾವ ನಿಯಮದಂತೆ ಗುರುತಿಸಲಾಯಿತು ಎಂಬುದನ್ನು ಮೊದಲು ಸ್ಪಷ್ಟಪಡಿಸಬೇಕು. ಆ ನಿಯಮವನ್ನು ಹೇಳದ ಸಂಖ್ಯೆಯನ್ನು ಪ್ರಮಾಣವೆಂದು ಒಪ್ಪಲಾಗದು.